ಏಕಾದಶಿಯ ದಿನ ಧೂಮಕೇತುವಿನ ಪರೀಕ್ಷೆ

"ಹಿಂದಕ್ಕ ಸರೀರಿ ಭಾವಾ! ಇನ್ನೊಂದೀಟು! ಹಾಂ, ಅಲ್ಲೇ ನಿಂದರ್ರಿ!"

ಸ್ವಾಮಿರಾಯರಿಗೆ ಇನ್ನು ಹಿಂದೆ ಸರಿಯಲು ಜಾಗವಿರಲಿಲ್ಲ. ಬೆನ್ನಿಗೆ ಆಗಲೇ ತುಳಸಿಕಟ್ಟೆ ಹತ್ತಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಅಂಗಳದ ನಡುವೆ ನಿಂತಿದ್ದ ವಸ್ತುವನ್ನು ನೋಡಿದರು. ಐದು ಲೀಟರಿನ ಪ್ರೆಶರ್ ಕುಕ್ಕರು. ಅದರ ಹೊಟ್ಟೆಯಲ್ಲಿ ಗೀಜರಿನ ಸುರುಳಿ. ಸೀಟಿ ಇರಬೇಕಾದಲ್ಲಿ ತಾಮ್ರದ ಕೊಳವೆ. ಕೊಳವೆಯ ಬುಡಕ್ಕೆ ಕಮ್ಮಾರನ ಒಲೆಗೆ ಗಾಳಿ ಊದುವ ಪಂಖ. ಬದಿಗೆ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ತಿರುಗಣಿ.

"ಇದರ ಹೆಸರು ಧೂಮಕೇತು ಮೂರು!" ಎಂದು ಧೀರೇಂದ್ರ ಎದೆಯುಬ್ಬಿಸಿ ಹೇಳಿದ.

ಧೀರೇಂದ್ರ ಸ್ವಾಮಿರಾಯರ ಹೆಂಡತಿಯ ತಮ್ಮ. ಗದಗಿನ ಜೋಡು ಹಣಮಪ್ಪನ ಓಣಿಯಲ್ಲಿ ಇಬ್ಬರ ಮನೆಗಳಿಗೂ ಒಂದೇ ಗೋಡೆ, ಒಂದೇ ಅಂಗಳ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಹತ್ತು ತಿಂಗಳ ಹಿಂದೆ ಅಕ್ಕ ಯಮುನಾಬಾಯಿ ತೀರಿಕೊಂಡ ದಿನ ಸಿಗರೇಟಿನ ಪ್ಯಾಕೆಟ್ಟನ್ನು ಗಟಾರಕ್ಕೆ ಎಸೆದಿದ್ದ. ಅಂದಿನಿಂದ ಬಾಯಿಯೂ ಸುಮ್ಮನಿರಲಿಲ್ಲ. ಅಂಗಡಿಯ ವೇಪು, ಅಂದರೆ ಉಗಿ ಸೇದುವ ಕರೆಂಟಿನ ಸಿಗರೇಟು, ಕೊಳ್ಳೋಣವೆಂದರೆ ಸರಕಾರ ಅದನ್ನು ನಿಷೇಧಿಸಿದೆ. ಆದ್ದರಿಂದ ತಂಬಾಕಿನ ಸೋಂಕಿಲ್ಲದ ವೇಪನ್ನು ತಾನೇ ಮಾಡಲು ಹೊರಟ. ಧೂಮಕೇತು ಒಂದು ಅವನ ಅರ್ಧ ಮೀಸೆ ತಿಂದಿತು. ಧೂಮಕೇತು ಎರಡು, ಅವನ ಹೆಂಡತಿ ಕುಸುಮಾ ಒಣಹಾಕಿದ್ದ ನೂರಾರು ಸಂಡಿಗೆಗಳನ್ನು ಹಾರಿಸಿಕೊಂಡು ಹೋಗಿ ರೈಲ್ವೆ ಸ್ಟೇಷನ್ನಿನ ಮಾಡಿನ ಮೇಲೆ ಇಳಿಸಿತು!

"ಅಂಗಡ್ಯಾಗಿನ ವೇಪು ಅಂದ್ರ ಎಂಬತ್ತು ವ್ಯಾಟು ಭಾವಾ! ಇದು ಎರಡು ಸಾವಿರ! ಇವತ್ತ ಇದರ ತಾಕತ್ತಿನ ಪರೀಕ್ಷಾ. ಉಗಿ ಎಷ್ಟು ದೂರ ಹೋಗ್ತದ, ಎಷ್ಟು ದಪ್ಪ ಇರ್ತದ, ಎಷ್ಟೊತ್ತು ನಿಲ್ತದ, ಎಲ್ಲಾ ಬರದಿಡಬೇಕು. ದೂರಕ್ಕ ಗೌಂಡಿ ಟೇಪು. ಹೊತ್ತಿಗೆ ನಿಮ್ಮ ಗಡಿಯಾರ. ದಪ್ಪಕ್ಕ ಅಲ್ಲಿ ನೋಡ್ರಿ."

ಕಂಪೌಂಡಿನ ಗೋಡೆಗೆ ಕಣ್ಣಿನ ಡಾಕ್ಟರರ ಅಕ್ಷರಪಟ ಅಂಟಿಸಿದ್ದ. ಉಗಿಯೊಳಗಿಂದ ಎಷ್ಟನೆಯ ಸಾಲಿನವರೆಗೆ ಓದಲು ಬರುತ್ತದೆಂಬುದೇ ಅಳತೆ.

"ನಾಳೆ ಮಾಡಬಾರದೇನೋ ಧೀರೂ? ಇವತ್ತು ಏಕಾದಶಿ."

"ಏಕಾದಶಿ ಅಂತನ ಇವತ್ತು ಇಟ್ಟೀನಿ! ಓಣಿ ತುಂಬ ಒಬ್ಬರೂ ಮಿಕ್ಸರ್ ಹಚ್ಚೂದಿಲ್ಲ, ಗ್ರೈಂಡರ್ ಹಚ್ಚೂದಿಲ್ಲ. ವೋಲ್ಟೇಜ್ ನೋಡ್ರಿ ಹ್ಯಾಂಗದ, ಪೈಲವಾನ್ ಇದ್ದಂಗ ಅದ! ಇಂಥಾದ್ದು ಹದಿನೈದು ದಿವಸಕ್ಕೊಮ್ಮಿ ಸಿಗ್ತದ."

ಸ್ವಾಮಿರಾಯರು ಕೈಗಡಿಯಾರ ಬಿಚ್ಚಿ ಹಿಡಿದರು. ಅವರ ನಾಲಿಗೆ ಬೆಳಗಿನಿಂದ ಒಣಗಿತ್ತು. ಓಣಿಯ ಉಳಿದವರಿಗೆ ಏಕಾದಶಿಯೆಂದರೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಅವರಿಗೆ ಮಾತ್ರ ಒಂದು ತೊಟ್ಟು ನೀರೂ ಇಲ್ಲ. ಎರಡು ವರ್ಷದ ಹಿಂದೆ ಅವರ ಹೃದಯದ ಆಪರೇಷನ್ ಆದಾಗ ಯಮುನಾಬಾಯಿ, ಗಂಡ ನೆಟ್ಟಗೆ ಮನೆಗೆ ಬಂದರೆ ನಲವತ್ತೆಂಟು ಏಕಾದಶಿ ನಿರ್ಜಲ ಉಪವಾಸ ಮಾಡುತ್ತೇನೆಂದು ದೇವರಿಗೆ ಹೇಳಿಕೊಂಡಿದ್ದರು. ಗಂಡ ನೆಟ್ಟಗೆ ಬಂದರು. ಇಪ್ಪತ್ತೊಂಬತ್ತು ಏಕಾದಶಿ ಮುಗಿಸಿ, ಆಕೆಯೇ ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಉಳಿದ ಹತ್ತೊಂಬತ್ತನ್ನು ರಾಯರು ತಮ್ಮ ತಲೆಗೆ ತೆಗೆದುಕೊಂಡರು. ಇಂದಿನದು ಕೊನೆಯದು. ನಾಳೆ ದ್ವಾದಶಿಯ ಸೂರ್ಯ ಹುಟ್ಟಿದರೆ ಹೆಂಡತಿಯ ಹರಕೆ ತೀರಿದಂತೆ. ಅಷ್ಟರವರೆಗೆ ಬಾಯಿಗೆ ಏನೂ ಹೋಗಬಾರದು.

"ಒಂದು!" ಎಂದು ಕೂಗಿ ಧೀರೇಂದ್ರ ತಿರುಗಣಿ ತಿರುಗಿಸಿದ.

ಕುಕ್ಕರು ಗಂಟಲು ಸರಿಮಾಡಿಕೊಂಡಿತು. ಕೊಳವೆಯಿಂದ ಬೆಕ್ಕಿನ ಬಾಲದಷ್ಟು ಉಗಿ ಹೊರಬಂದು ಬಾಗಿ ಬಿದ್ದುಹೋಯಿತು.

"ಇಷ್ಟೇನು?" ಅಡುಗೆಮನೆಯ ಕಿಟಕಿಯಿಂದ ಕುಸುಮಾ ಕೇಳಿದಳು. "ಇದಕ್ಕಿಂತ ನಮ್ಮ ಹಾಲಿನ ಪಾತೇಲಿ ಜಾಸ್ತಿ ಬಿಡ್ತದಲ್ಲ!"

"ನೀ ಕಿಟಿಕಿ ಮುಚ್ಚು! ಇದು ವಿಜ್ಞಾನ!"

"ವಿಜ್ಞಾನಕ್ಕ ನನ್ನ ಕುಕ್ಕರ್ ಯಾಕ ಬೇಕಾತು?"

ಧೀರೇಂದ್ರ ಉತ್ತರವೆಂಬಂತೆ ತಿರುಗಣಿಯನ್ನು ಮೂರಕ್ಕೆ ಒಯ್ದ. ಈ ಸಲ ಬಿಳಿಯ ಸುರುಳಿಯೊಂದು ಸುಯ್ಯೆಂದು ಹನ್ನೆರಡು ಅಡಿ ಹಾರಿ ಗೋಡೆಗೆ ಬಡಿಯಿತು. ಅಕ್ಷರಪಟದ ಕೆಳಗಿನ ನಾಲ್ಕು ಸಾಲು ಮಾಯವಾದವು. ಧೀರೇಂದ್ರ ಕುಣಿಯುತ್ತ ಟೇಪು ಹಿಡಿಯಲು ಓಡಿದ. ಆಗ ಸ್ವಾಮಿರಾಯರ ಮೂಗಿಗೆ ಏನೋ ತಾಗಿತು.

ಸಾಸಿವೆ ಸಿಡಿದ ವಾಸನೆ. ಕರಿಬೇವು, ಇಂಗು. ಅದರ ಹಿಂದೆ, ಬೇರೆಯವರು ಹುರಿಯುವುದಕ್ಕಿಂತ ತುಸು ಹೆಚ್ಚು ಕೆಂಪಗೆ ಹುರಿದ ಮೆಂತ್ಯ. ಊರಲ್ಲಿ ಹಾಗೆ ಮೆಂತ್ಯ ಹುರಿಯುತ್ತಿದ್ದವಳು ಒಬ್ಬಳೇ.

"ಧೀರೂ, ಕುಕ್ಕರಿನ್ಯಾಗ ಏನು ಹಾಕೀಯೋ?"

ಧೀರೇಂದ್ರ ಟೇಪನ್ನೇ ನೋಡುತ್ತ ಗೊಣಗಿದ. "ಸಾರು."

ಕುಸುಮಾ ಕಿಟಕಿಯಿಂದ ಮಾಯವಾಗಿ, ಎರಡೇ ನಿಮಿಷದಲ್ಲಿ ಖಾಲಿ ಹಿತ್ತಾಳೆ ಡಬ್ಬಿ ಹಿಡಿದು ಅಂಗಳಕ್ಕೆ ಬಂದಳು.

"ಅಕ್ಕಾವರ ಸಾರಿನ ಪುಡಿ! ಕಡೀಕ ಅವರು ಕುಟ್ಟಿಟ್ಟಿದ್ದು! ನಿಮ್ಮ ತಲಿ ಎಲ್ಲಿಟ್ಟೀರಿ? ಏಕಾದಶಿ ದಿವಸ ಅಂಗಳದಾಗ ಸಾರು ಕುದಸ್ತಾರೇನು?"

"ಕುದಿಸಿಲ್ಲ! ಆವಿ ಮಾಡೀನಿ! ಎರಡು ಚಮಚಾ ಇತ್ತು ತಳದಾಗ. ಸಾರು ಮಾಡಿ ಮುಗಸಲಿಕ್ಕೆ ಯಾರಿಗೂ ಮನಸಾಗವಲ್ದು. ಇಟ್ರ ಹುಳಾ ಬೀಳ್ತದ. ಭಾವಗ ಒಂದ್ಸಲ ಆ ವಾಸನಿ ಸಿಗಲಿ ಅಂತ…" ಎಂದವನು, ಮಾತು ಬೇರೆಡೆ ಹೋಗುತ್ತಿದೆಯೆಂದು ಹೆದರಿ ದನಿ ಏರಿಸಿದ. "ವಾಸನಿ ಅಂದ್ರ ಊಟ ಅಲ್ಲ! ಬೇಕಾದ್ರ ಶಾಸ್ತ್ರ ತಗಸು!"

"ಶಾಸ್ತ್ರ ಆಮ್ಯಾಲ. ಮೊದಲು ಬಂದ್ ಮಾಡ್ರಿ!"

ಧೀರೇಂದ್ರ ಬಂದ್ ಮಾಡಲೆಂದೇ ತಿರುಗಣಿಗೆ ಕೈ ಹಾಕಿದ. ಆದರೆ ಪೈಲವಾನನಂಥ ಆ ವೋಲ್ಟೇಜು ತಿರುಗಣಿಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿತ್ತು. ಅದು ಹಿಂದಕ್ಕೆ ಬಾರದೆ ಸರ್ರನೆ ಮುಂದಕ್ಕೆ ಜಾರಿ, ಒಂಬತ್ತಕ್ಕೆ ಬಂದು, ಅವನ ಕೈಗೇ ಕಿತ್ತುಬಂತು.

ಆಮೇಲಿನದನ್ನು ಓಣಿಯವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಕುಕ್ಕರು ಆನೆಯಂತೆ ಘೀಳಿಟ್ಟಿತು ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಉಗಿ ಕಂಪೌಂಡು ಹಾರಿತು, ಓಣಿ ತುಂಬಿತು, ಕಿಟಕಿಗಳಿಂದ ಒಳಹೊಕ್ಕು ಬಾಗಿಲುಗಳಿಂದ ಹೊರಬಂತು. ಟೇಪು ಸಾಲದೆ ಧೀರೇಂದ್ರ ಅಳತೆ ಬಿಟ್ಟು ಹೆಂಡತಿಯನ್ನು ಹುಡುಕತೊಡಗಿದ. "ಕುಸುಮಾ, ಎಲ್ಲಿದ್ದೀ?" "ನಿಮ್ಮ ಕಾಲಾಗ! ಕಾಲು ತಗೀರಿ, ಮೇನ್ ಸ್ವಿಚ್ಚು ಹುಡುಕಲಿಕ್ಕೆ ಹತ್ತೀನಿ!"

ಎರಡು ಸಾವಿರ ವ್ಯಾಟಿನಲ್ಲಿ ಒಡೆದ ಸಾರಿನ ಕಣಗಳು ಎಷ್ಟು ಸಣ್ಣವಾಗಿದ್ದವೆಂದರೆ, ಮೂಗಿನಿಂದ ಹೋದದ್ದು ಎದೆಯಲ್ಲಿ ನಿಲ್ಲದೆ ನೇರವಾಗಿ ಹೊಟ್ಟೆಗೇ ಇಳಿಯಿತು! ಎದುರು ಮನೆಯ ಜಗಲಿಯಲ್ಲಿ ನರಹರಿ ಆಚಾರ್ಯರು ಹೆಣ್ಣುಮಕ್ಕಳಿಗೆ ಏಕಾದಶಿಯ ಮಹಿಮೆ ಹೇಳುತ್ತಿದ್ದರು. ಉಪವಾಸದ ಫಲ ಎಂಬ ಮಾತಿಗೆ ಬಂದಾಗ ಅವರಿಗೆ ದೀರ್ಘವಾದ ಒಂದು ತೇಗು ಬಂತು. ಮದುವೆಮನೆಯ ಮೂರನೆಯ ಪಂಕ್ತಿಯವರ ತೇಗು! ಕೇಳುತ್ತಿದ್ದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಅದಕ್ಕೆ ದನಿಗೂಡಿಸಿದರು.

"ಅವ್ವಯ್ಯಾ, ಎರಡನೇ ಸಲ ಅನ್ನ ಹಾಕಿಸಿಕೊಂಡಂಗ ಆತಲ್ಲ!" ಎಂದು ಒಬ್ಬಾಕೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು.

ಟಪಾಲಿನವನು ಸೈಕಲ್ಲು ನಿಲ್ಲಿಸಿ, ಸೊಂಟದ ಬೆಲ್ಟು ಎರಡು ತೂತು ಸಡಿಲಿಸಿ, ಬೇವಿನ ನೆರಳಲ್ಲಿ ಮಲಗಿ ನಿದ್ದೆಹೋದ. ಓಣಿಯ ನಾಯಿಗಳು ಒಂದು ಬಿಸ್ಕೀಟನ್ನು ಮುಂದಿಟ್ಟುಕೊಂಡು, ನೀ ತಿನ್ನು ನೀ ತಿನ್ನು ಎಂದು ಒಂದಕ್ಕೊಂದು ಉಪಚಾರ ಮಾಡಿದವು!

ಸ್ವಾಮಿರಾಯರು ತುಳಸಿಕಟ್ಟೆಯ ಬಳಿಯೇ ನಿಂತಿದ್ದರು. ತಮ್ಮ ಮನೆಯ ಬಾಗಿಲು ಮೂರೇ ಹೆಜ್ಜೆ. ಒಳಗೆ ಹೋಗಿ ಕದ ಹಾಕಿಕೊಂಡು ಧೋತರದ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರೆ ಆಗುತ್ತಿತ್ತು. ಮೊದಲ ಉಸಿರು ಅವರಿಗೆ ತಿಳಿಯುವ ಮುನ್ನವೇ ಒಳಗೆ ಹೋಯಿತು. ಬಿಸಿಯಾಗಿ, ಹದವಾಗಿ, ಮೆಂತ್ಯದ ಸಣ್ಣ ಕಹಿಯೊಂದಿಗೆ ಹೋಯಿತು. ಸುತ್ತಲೂ ಬಿಳಿಯ ಮುಸುಕು. ಯಾರೂ ಕಾಣಿಸುತ್ತಿರಲಿಲ್ಲ. ಬಡಿಸಿದವಳು ಈಗಷ್ಟೇ ಹಿಂದೆ ತಿರುಗಿ ಒಳಗೆ ಹೋದಂತೆ ಇತ್ತು. ರಾಯರು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಕುಸುಮಾ ಮೇನ್ ಸ್ವಿಚ್ಚು ಕಂಡುಹಿಡಿದಳು. ಕುಕ್ಕರಿನ ಆನೆ ಬಿಕ್ಕಿ ಬಿಕ್ಕಿ ಸುಮ್ಮನಾಯಿತು. ಉಗಿ ಮೆಲ್ಲಗೆ ಮೇಲೆದ್ದು, ತೆಂಗಿನಮರದ ಎತ್ತರದಲ್ಲಿ ಓಣಿಯ ಉದ್ದಕ್ಕೂ ಕಂದುಬಣ್ಣದ ಚಪ್ಪರದಂತೆ ನಿಂತುಕೊಂಡಿತು. ಗಾಳಿ ಬೀಸಿದರೂ ಕದಲಲಿಲ್ಲ.

ಐದೇ ನಿಮಿಷದಲ್ಲಿ ಇಡೀ ಓಣಿ ಆಚಾರ್ಯರ ಜಗಲಿಯ ಮುಂದೆ ಸೇರಿತು. ಎಲ್ಲರದೂ ಒಂದೇ ಪ್ರಶ್ನೆ. ಉಪವಾಸ ಉಳಿಯಿತೋ ಮುರಿಯಿತೋ?

"ಧೀರೇಂದ್ರನ ಮನಿ ಬಾಗಲಕ್ಕ ಕಲ್ಲು ಒಗೀರಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಆದರೆ ಹೊಟ್ಟೆ ಅಷ್ಟು ತುಂಬಿದಾಗ ಬಗ್ಗಿ ಕಲ್ಲು ಎತ್ತಲು ಯಾರಿಂದಲೂ ಆಗಲಿಲ್ಲ.

ಆಚಾರ್ಯರು ಮೂರು ಗ್ರಂಥಗಳನ್ನು ತೆಗೆದರು. ಕನ್ನಡಕ ಹಾಕಿದರು, ತೆಗೆದರು, ಒರೆಸಿದರು. ಮುರಿಯಿತೆಂದರೆ ತಮ್ಮದೂ ಮುರಿದಂತೆ. ಐವತ್ತು ವರ್ಷದಲ್ಲಿ ಒಂದೂ ತಪ್ಪದ ಏಕಾದಶಿ! ಉಳಿಯಿತೆಂದರೆ, ಅವರ ತೇಗನ್ನು ಹದಿನಾಲ್ಕು ಮಂದಿ ಕೇಳಿದ್ದಾರೆ. ಕೊನೆಗೆ ಅವರು ಎದೆಯ ಮೇಲೆ ಕೈಯಿಟ್ಟು, ಏಳುತ್ತಿದ್ದ ಇನ್ನೊಂದನ್ನು ಅದುಮಿ, ಹೇಳಿದರು:

"ಉಸಿರು ತಾನಾಗಿ ಹೋಗ್ತದ. ತಾನಾಗಿ ಹೋದದ್ದು ಊಟ ಅಲ್ಲ. ಬೇಕು ಅಂತ ಮನಸಿನಿಂದ ತಗೊಂಡ್ರ ಮಾತ್ರ ಊಟ. ಬೇಕು ಅಂತ ಯಾರರೆ ತಗೊಂಡೀರೇನು?"

"ಛೇ ಛೇ! ಇಲ್ಲ!" ಎಂದಿತು ಓಣಿ.

"ನಾ ಅಂತೂ ಮೂಗು ಹಿಡಕೊಂಡಿದ್ದೆ!"

"ನಾ ಉಸಿರನ ಆಡಿಲ್ಲ!"

"ಹಂಗಾರ ಎಲ್ಲಾರ ಉಪವಾಸನೂ ಅದ" ಎಂದು ಆಚಾರ್ಯರು ಗ್ರಂಥ ಮುಚ್ಚುವವರಿದ್ದರು.

"ನಂದು ಇಲ್ಲ" ಎಂದರು ಸ್ವಾಮಿರಾಯರು.

ಎಲ್ಲರೂ ತಿರುಗಿ ನೋಡಿದರು.

"ಮೊದಲನೇ ಉಸಿರು ತಾನಾಗಿ ಹೋತು ಆಚಾರ್ಯರ. ಎರಡನೇದ್ದು ನಾ ತಗೊಂಡೆ. ಮೂರನೇದ್ದೂ ತಗೊಂಡೆ. ಸಾವಕಾಶ, ಎದಿ ತುಂಬ ತಗೊಂಡೆ."

ಧೀರೇಂದ್ರನ ಮುಖ ಅವನ ತಿರುಗಣಿಯಂತೆಯೇ ಕರಗಿತು.

"ಭಾವಾ! ನನ್ನಿಂದ ಅಕ್ಕನ ಹರಕಿ ಕೆಟ್ಟಿತು. ಹತ್ತು ತಿಂಗಳು ನೀವು ನೀರಿಲ್ಲದ… ಕಡೀ ದಿವಸ ನಾ ಬಂದು…"

"ಅಳಬ್ಯಾಡೋ. ಇದನ್ನ ಬಿಟ್ಟು, ಬರೂ ಏಕಾದಶಿ ಇನ್ನೊಂದು ಮಾಡ್ತೀನಿ. ಅಷ್ಟೇ ಅಲ್ಲೇನು?" ರಾಯರು ಅವನ ಹೆಗಲ ಮೇಲೆ ಕೈಯಿಟ್ಟರು. "ಖರೇ ಹೇಳ್ಲೇನು ಧೀರೂ? ನಿನ್ನೆಯಿಂದ ಮನಸ್ಸು ಸರಿ ಇರಲಿಲ್ಲ. ನಾಳೆ ಹರಕಿ ಮುಗೀತಂದ್ರ, ಆಕೀದು ಅಂತ ಮಾಡೋ ಕೆಲಸ ನನಗ ಏನೂ ಉಳಿಯೂದಿಲ್ಲಲ್ಲ ಅಂತ. ಇನ್ನ ಹದಿನೈದು ದಿವಸ ಅದ. ಛಲೋ ಆತು."

ಕುಸುಮಾ ಮೂಗೊರೆಸಿಕೊಂಡು, ಕುಕ್ಕರು ತಿಕ್ಕಲು ಹೋದಳು.

ಮರುದಿನ ದ್ವಾದಶಿ. ಉಪವಾಸ ಬಿಡುವ ಪಾರಣೆ ಸೂರ್ಯ ಹುಟ್ಟಿದೊಡನೆ ಆಗಬೇಕು. ನಿನ್ನೆ ತುಂಬಿದ್ದ ಹೊಟ್ಟೆಗಳು ಬೆಳಗಾಗುವುದರೊಳಗೆ ಬರಿದಾಗಿದ್ದವು. ಮನೆಮನೆಯಲ್ಲೂ ನಸುಕಿಗೇ ಅನ್ನವಾಗಿ, ತಾಟು ಹಾಕಿ, ಬಡಿಸಲು ಸೌಟು ಎತ್ತಿದ ಹೊತ್ತು. ತಂಪುಗಾಳಿ ಒಂದು ಸಲ ಬೀಸಿತು. ತೆಂಗಿನಮರದ ಎತ್ತರದಲ್ಲಿ ನಿಂತಿದ್ದ ಕಂದುಬಣ್ಣದ ಚಪ್ಪರ ಗುಡುಗಿತು.

ಹನಿ ಬಿತ್ತು. ನಂತರ ಧೋ ಎಂದು ಸುರಿಯಿತು.

"ಸಾರು!" ಎಂದು ಯಾರೋ ಕಿರುಚಿದರು. "ಸಾರಿನ ಮಳಿ!"

ಓಣಿಗೆ ಓಣಿಯೇ ಅನ್ನದ ತಾಟು ಹಿಡಿದು ಹೊರಗೆ ಓಡಿ ಬಂತು. ಗಂಡಸರು ಕೊಡೆಗಳನ್ನು ಬುಡಮೇಲು ಮಾಡಿ ಹಿಡಿದರು. ಹೆಂಗಸರು ಮಾಳಿಗೆಯ ನೀರಿನ ಕೊಳವೆಗಳ ಕೆಳಗೆ ಕೊಳಗ, ಬಕೀಟು, ಪೂಜೆಯ ತಂಬಿಗೆಗಳನ್ನೂ ಇಟ್ಟರು. ಆಚಾರ್ಯರು ಮಾತ್ರ ಹೊಸಿಲಲ್ಲಿ ನಿಂತು ಕೂಗಿದರು. "ಧೀರೇಂದ್ರಾ, ಹುಣಸಿಹಣ್ಣು ಹಾಕೀಯೇನು? ದ್ವಾದಶಿಗೆ ಹುಣಸಿ ನಡಿಯಂಗಿಲ್ಲ!"

"ಇಲ್ರೀ ಆಚಾರ್ಯರ, ನಿಂಬಿಹಣ್ಣು!"

ಆಚಾರ್ಯರು ಎರಡು ತಾಟು ಹಿಡಿದು ಇಳಿದುಬಂದರು.

ಸ್ವಾಮಿರಾಯರು ಅಂಗಳದಲ್ಲಿ ಕೂತು, ಕೃಷ್ಣಾರ್ಪಣ ಎಂದು ಹೇಳಿ, ಅನ್ನಕ್ಕೆ ಬಿದ್ದ ಸಾರನ್ನು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಧೀರೇಂದ್ರ ನೋಟ್‌ಬುಕ್ಕು ತೆರೆದು, ಪೆನ್ನು ಹಿಡಿದು, ತಲೆಯಿಂದ ಸಾರು ಸುರಿಸುತ್ತ ಅವರ ಎದುರಿಗೆ ಕೂತ.

"ಹ್ಯಾಂಗ ಅದ ಭಾವಾ?"

ರಾಯರು ಬಹಳ ಹೊತ್ತು ಅಗಿದರು.

"ರುಚಿ ಎಲ್ಲಾ ಆಕೀದ. ಉಪ್ಪೊಂದಿಲ್ಲ."

"ಉಪ್ಪು ಆವಿ ಆಗಂಗಿಲ್ಲ ಭಾವಾ. ಅದು ಕುಕ್ಕರಿನ ತಳದಾಗ ಉಳೀತದ. ವಿಜ್ಞಾನ ಅದು, ನಾ ಏನು ಮಾಡಲಿ?"

ಕುಸುಮಾ ಉಪ್ಪಿನ ಮರಿಗೆ ಹಿಡಿದು ಬಾಗಿಲಿಗೆ ಬಂದಳು.

"ತಾಟು ಮುಂದಕ್ಕ ಹಿಡೀರಿ. ವಿಜ್ಞಾನಕ್ಕ ಒಂದು ಚಿಟಿಕಿ ಸಾಕೋ, ಎರಡು ಬೇಕೋ?"