ತ್ರಿಕೋನ, ವೃತ್ತ ಮತ್ತು ಒಂದು ಕುರ್ಚಿ

ಓದಿದ ಹೆಂಗಸಿನ ಸುತ್ತ ನಗೆಯ ಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ನಾನು ಅಂದಂದಿನದನ್ನು ಅಂದೇ ಬರೆದಿಡುವವಳು. ಹಾಗಾಗಿ ಯಾರು ಏನೆಂದರು ಎಂಬುದರಲ್ಲಿ ಎರಡು ಮಾತಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನಾವು ಮುಂಬಯಿಯ ಸಾಂತಾಕ್ರೂಜಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಯಜಮಾನರಿಗೆ ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಅವರು ನನ್ನ ತಾಯಿಯ ಒಡಹುಟ್ಟಿದ ತಮ್ಮ. ಮೈಸೂರಿನ ನಮ್ಮವರಲ್ಲಿ ಅದೇನೂ ವಿಶೇಷವಲ್ಲ. ಹೀಗಾಗಿ ನನ್ನ ಅಜ್ಜಿಯೇ ನನಗೆ ಅತ್ತೆ. ಬಿ.ಎ. ಫಲಿತಾಂಶ ಬರುವ ಮೊದಲೇ ತಾಳಿ ಬಂದಿತ್ತು. ಮೂರು ಮಕ್ಕಳೂ ಸ್ಕೂಲಿಗೆ ಹೋಗತೊಡಗಿದ ಮೇಲೆ ನಾನು ಮಾನವಶಾಸ್ತ್ರದ ಎಂ.ಎ.ಗೆ ಸೇರಿದೆ. ಓದಿ ಮುಗಿಸಿ ಅದೇ ವಿಭಾಗದಲ್ಲಿ ಪಾಠ ಹೇಳಬೇಕು, ನನ್ನದು ಅಂತ ಒಂದು ಕುರ್ಚಿ ಇರಬೇಕು. ಅದೊಂದೇ ಆಸೆ.

ಮನುಷ್ಯನ ಹುಟ್ಟು

ನಾನು ಕಾಲೇಜಿಗೆ ಹೋದರೆ ಮಧ್ಯಾಹ್ನದ ಅಡುಗೆ ಅಜ್ಜಿಯ ತಲೆಗೆ. ಆ ಸಿಟ್ಟು ಹುಳಿಯ ಖಾರದಲ್ಲಿ ತಿಳಿಯುತ್ತಿತ್ತು. ಒಂದು ಭಾನುವಾರ ಕೂತು ಓದುತ್ತಿದ್ದೆ.

"ಅಷ್ಟು ದಪ್ಪ ಪುಸ್ತಕದಲ್ಲಿ ಏನೇ ಇದೆ?"

"ಮನುಷ್ಯ ಹೇಗೆ ಹುಟ್ಟಿದ ಅಂತ ಇದೆ, ಅಜ್ಜಿ."

"ಮೂರು ಹೆತ್ತಿದೀಯ. ಇನ್ನೂ ಗೊತ್ತಾಗ್ಲಿಲ್ವೇನೇ?"

ಯಜಮಾನರ ಮುಖದ ಮುಂದಿದ್ದ ಪೇಪರು ಗಡಗಡ ಅಲುಗಿತು. ನಾನು ಹೇಳಿದ ಯಾವ ಮಾತಿಗೂ ಅದು ಅಷ್ಟು ಅಲುಗಿದ್ದನ್ನು ನಾನು ಕಂಡಿಲ್ಲ.

ಅತಿಥಿ

ಅಳತೆ ತೆಗೆದು ಚಿತ್ರ ಬಿಡಿಸಲೆಂದು ವಿಭಾಗದಿಂದ ಆದಿಮಾನವನ ತಲೆಬುರುಡೆಯ ಪ್ಲಾಸ್ಟರ್ ಅಚ್ಚು ಮನೆಗೆ ತಂದೆ. ಸಂಜೆಯ ಲೋಕಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ಹಾಗೆ ಕಾಪಾಡಿ ತಂದಿದ್ದೆ. ಅಜ್ಜಿ ಬಾಗಿಲಲ್ಲೇ ತಡೆದರು.

"ಯಾರದೇ ಅದು?"

"ಯಾರದೂ ಅಲ್ಲ, ಬರೀ ಪ್ಲಾಸ್ಟರು. ಲಕ್ಷಾಂತರ ವರ್ಷದ ಹಿಂದಿನವರ ತಲೆ ಹೀಗಿತ್ತಂತೆ."

"ಯಾವ ಜನ?"

"ಜಾತಿಗಳೆಲ್ಲ ಹುಟ್ಟೋಕೆ ಮುಂಚಿನೋರು, ಅಜ್ಜಿ. ನಮಗೆಲ್ಲ ಪೂರ್ವಜರು."

ಅಜ್ಜಿ ಬುರುಡೆಯನ್ನು ದಿಟ್ಟಿಸಿದರು. ಕಡೆಗೆ ಅದಕ್ಕೆ ಬಾಲ್ಕನಿಯಲ್ಲಿ ಜಾಗ ಸಿಕ್ಕಿತು. ನಾನೂ ಸ್ನಾನ ಮಾಡುವವರೆಗೆ ಅಲ್ಲೇ ಇರಬೇಕಾಯಿತು. ಒಳಗಿನಿಂದ ಅವರು ಮಗನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಪೂರ್ವಜರು ಅಂತಾಳಲ್ಲ, ವರ್ಷಕ್ಕೊಂದು ಸಲ ಅವರಿಗೆ ವಡೆ ಮಾಡಿ ಹಾಕೋದು ನಾನು. ಇವರ ತಿಥಿ ಯಾವತ್ತು ಅಂತ ಕೇಳೋ!"

ನಮ್ಮ ಬುಡಕಟ್ಟು

ಬಂಧುತ್ವದ ಪಾಠ ಬಂತು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಜೋಡಿಗೆರೆ. ಅವರವರ ಕುಟುಂಬದ ಚಿತ್ರ ಬರೆಯಿರಿ ಎಂದರು ಪ್ರೊಫೆಸರು. ಎಲ್ಲರ ಗೆರೆಗಳೂ ಕೆಳಗಿಳಿದವು. ನನ್ನದು ಕೆಳಗಿಳಿದು, ಮತ್ತೆ ಮೇಲೆ ಹತ್ತಿ ಅಮ್ಮನ ತಮ್ಮನನ್ನು ಹಿಡಿದುಕೊಂಡಿತು.

"ತಪ್ಪು ಬರೆದಿದ್ದೀರಿ. ಈ ಹೆಂಗಸು ಅಜ್ಜಿಯೂ ಹೌದು, ಅತ್ತೆಯೂ ಹೌದು ಅಂತಾಗುತ್ತದೆ."

"ಆಗಿದೆ, ಸರ್."

ಅವರ ಮುಖ ಅರಳಿತು. ಇಡೀ ಕ್ಲಾಸನ್ನು ನನ್ನ ಬೆಂಚಿನ ಸುತ್ತ ನಿಲ್ಲಿಸಿದರು. ಗಂಡನನ್ನು ಏನೆಂದು ಕರೆಯುತ್ತೀ ಎಂದು ಒಬ್ಬಳು ಕೇಳಿದಳು. "ಮದುವೆಗೆ ಮುಂಚೆ ಮಾಮ. ಆಮೇಲೆ 'ರೀ'. ಸಿಟ್ಟು ಬಂದಾಗ ಮತ್ತೆ ಮಾಮ" ಎಂದೆ. ಅಂದಿನಿಂದ ಪ್ರೊಫೆಸರು ನನ್ನ ಅಭಿಪ್ರಾಯ ಕೇಳಲಿಲ್ಲ; "ನಿಮ್ಮ ಬುಡಕಟ್ಟಿನಲ್ಲಿ ಹೇಗೆ?" ಎಂದೇ ಕೇಳಿದರು. "ಆಸ್ತಿ ಹೊರಗೆ ಹೋಗಬಾರದು ಅಂತ ಅಕ್ಕನ ಮಗಳನ್ನು ತಂದುಕೊಳ್ಳುತ್ತಾರೆ, ಬರೆದುಕೊಳ್ಳಿ" ಎಂದರು. ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ. ಮನೆಗೆ ಬಂದು ಅಜ್ಜಿಗೂ ಹೇಳಿದೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಬಾಳಿದ್ದನ್ನೇ ಬರೆದೆ. ಅದೊಂದರಲ್ಲೇ ಅಂಕ ಕಡಿಮೆ. ಕೇಳಿದ್ದಕ್ಕೆ ಪ್ರೊಫೆಸರು, "ನೀವು ಬರೆದದ್ದು ಯಾವ ಪುಸ್ತಕದಲ್ಲೂ ಇಲ್ಲವಲ್ಲ!" ಎಂದರು.

ಕುರ್ಚಿ

ಹಾಗಿದ್ದೂ ಮೊದಲ ದರ್ಜೆಯಲ್ಲಿ ಪಾಸಾದೆ. ವಿಭಾಗದಲ್ಲಿ ಒಂದು ಹುದ್ದೆ ಖಾಲಿಯಾಯಿತು. ಸಂದರ್ಶನದ ದಿನ ಅಜ್ಜಿ ತಾವಾಗಿ ಕೇಸರಿಭಾತು ಮಾಡಿ ನನ್ನ ಕೈಗಿತ್ತರು. "ಹೋಗು. ಮಧ್ಯಾಹ್ನದ ಅಡುಗೆ ಹೇಗೂ ನನಗೆ ರೂಢಿಯಾಗಿದೆ" ಎಂದರು. ನನ್ನ ಕಣ್ಣು ತುಂಬಿತು.

ಸಂದರ್ಶನದಲ್ಲಿ ಪ್ರೊಫೆಸರು ನನ್ನ ಓದಿನ ವಿಷಯವೇ ಎತ್ತಲಿಲ್ಲ. "ನೀವು ದುಡಿಯುವುದಕ್ಕೆ ಮನೆಯಲ್ಲಿ ಅತ್ತೆ ಒಪ್ಪುತ್ತಾರೆಯೇ?" ಎಂದರು.

"ಅತ್ತೆ ಒಪ್ಪದಿದ್ದರೆ ಅಜ್ಜಿಯಿಂದ ಹೇಳಿಸುತ್ತೇನೆ, ಸರ್."

ಎದುರಿಗಿದ್ದವರೆಲ್ಲ ಮೇಜು ತಟ್ಟಿ ನಕ್ಕರು. ಕೆಲಸ ನನಗೇ ಎಂದುಕೊಂಡು ಬಂದೆ.

ಸಿಕ್ಕಿದ್ದು ನನ್ನ ಪಕ್ಕದ ಬೆಂಚಿನವಳಿಗೆ, ಎರಡನೇ ದರ್ಜೆಯವಳಿಗೆ. ಏಕೆಂದು ಕೇಳಲು ವಿಭಾಗಕ್ಕೆ ಹೋದೆ. ಅವಳು ಪ್ರೊಫೆಸರ ಕೋಣೆಗೆ ಇಣುಕಿ, "ಮಾಮಾ, ಅಮ್ಮ ನಿಮಗೂ ಊಟದ ಡಬ್ಬಾ ಕಳಿಸಿದ್ದಾಳೆ" ಎನ್ನುತ್ತಿದ್ದಳು. ನಾನು ಏನನ್ನೂ ಕೇಳದೆ ಹಿಂದಿರುಗಿದೆ.

ಮನೆಯಲ್ಲಿ ಯಜಮಾನರು, "ಹೋಗಲಿ ಬಿಡು, ನಮಗೇನು ಕಡಿಮೆಯಾಗಿದೆ?" ಎಂದರು.

"ನಿಮಗೇನೂ ಕಡಿಮೆಯಾಗಿಲ್ಲ, ಮಾಮ" ಎಂದೆ. ಅವರು ಪೇಪರಿನ ಹಿಂದೆ ಸರಿದರು.

ಅಜ್ಜಿ ಮಾತ್ರ ಬಿಡಲಿಲ್ಲ. "ಸರಿಯಾಗಿ ಹೇಳೇ, ಯಾರಿಗೆ ಕೊಟ್ರು?" ಮಗಳ ಸ್ಲೇಟು ತೆಗೆದುಕೊಂಡು ಬರೆದು ತೋರಿಸಿದೆ. ಈ ತ್ರಿಕೋನ ಪ್ರೊಫೆಸರು. ಪಕ್ಕದ ವೃತ್ತ ಅವರ ಅಕ್ಕ. ಕೆಳಗಿನ ವೃತ್ತ ಆ ಅಕ್ಕನ ಮಗಳು. ಅವಳ ಪಕ್ಕದಲ್ಲಿ ಒಂದು ಕುರ್ಚಿ. ಅಜ್ಜಿ ಕನ್ನಡಕ ಏರಿಸಿ ನೋಡಿದರು.

"ಆಸ್ತಿ ಹೊರಗೆ ಹೋಗಬಾರದು ಅಂತ ಹಿಂಗೆ ಮಾಡ್ತಾರೆ ಅಂದೋರು ಇವರೇ ತಾನೇ?"

"ಹೂಂ."

"ಅಕ್ಕನ ಮಗಳಿಗೇ ಕೊಟ್ರಾ?"

"ಹೂಂ, ಅಜ್ಜಿ."

"ಅಯ್ಯೋ, ಹಾಗಾದ್ರೆ ನಮ್ಮೋರೇ ಕಣೇ! ಗೋತ್ರ ಯಾವುದು ಅಂತ ಕೇಳ್ಕೊಂಡು ಬರಬಾರದಿತ್ತೇನೇ?"