ನಿರ್ದೇಶಕರೇ, ಏಳನೇ ತರಗತಿಗೆ ಸೇರಿಸಿಕೊಂಡದ್ದಕ್ಕೆ ವಂದನೆ

ಮುಬೆಂಡೆ ರಸ್ತೆಯ ನಮ್ಮ ಖಾಸಗಿ ಶಾಲೆಯ ಸಂಸ್ಥಾಪಕರೂ, ನಿರ್ದೇಶಕರೂ, ಗೇಟಿನ ಮೇಲೆ ಹಗಲಿರುಳು ನಗುವ ಭಾವಚಿತ್ರವೂ ಆಗಿರುವ ಮಾನ್ಯ ಕಿಬಿರಂಗೊ ಅವರೇ,

ತಾವೂ ತಮ್ಮ ಕುಟುಂಬವೂ ಹೊಸ ಬಿಳಿ ಕಾರೂ ಕ್ಷೇಮವೆಂದು ನಂಬಿ, ತಮ್ಮಲ್ಲಿ ಗಣಿತ ಕಲಿಸುವ ಸೆಂಪಿಜ್ಜಾ ಎಂಬ ನಾನು ಈ ಪತ್ರವನ್ನು ಊರವರೆಲ್ಲ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ. ತಮ್ಮ ಕಚೇರಿಗೆ ಕೊಟ್ಟ ಹದಿನಾಲ್ಕು ಅರ್ಜಿಗಳು ಅಲ್ಲಿನ ಅಲುಗಾಡುವ ಮೇಜಿನ ಕಾಲಡಿ ಸೇರಿ ಮೇಜಿಗೆ ಸ್ಥಿರತೆ ಕೊಟ್ಟಿವೆ, ನನಗಿನ್ನೂ ಕೊಟ್ಟಿಲ್ಲ.

ನಾನು ಕೇಳಿದ್ದು ಕಾನೂನು ಕೊಡು ಎಂದದ್ದನ್ನಷ್ಟೇ: ಒಂದು ನೇಮಕಾತಿ ಪತ್ರ, ಭವಿಷ್ಯನಿಧಿಯ ಪಟ್ಟಿಯಲ್ಲಿ ನನ್ನ ಹೆಸರು, ರಜೆಯ ತಿಂಗಳುಗಳ ಸಂಬಳ. ತಾವಾದರೋ ಪ್ರತಿ ಟರ್ಮಿನ ಕೊನೆಯ ದಿನ "ನಿಮ್ಮ ಕೆಲಸ ಇವತ್ತಿಗೆ ಮುಗೀತು ಟೀಚರ್, ದೇವರು ಒಳ್ಳೇದು ಮಾಡ್ಲಿ" ಎಂದು ಕೈಕುಲುಕಿ, ಶಾಲೆ ಮತ್ತೆ ತೆರೆದ ದಿನ "ಹೊಸಬರಾ? ಬನ್ನಿ ಬನ್ನಿ" ಎಂದು ಸ್ವಾಗತಿಸಿ, ವರ್ಷಕ್ಕೆ ಮೂರು ಟರ್ಮಿನಂತೆ ಹನ್ನೊಂದು ವರ್ಷದಲ್ಲಿ ನನ್ನನ್ನು ಮೂವತ್ತಮೂರು ಸಲ ಹೊಸಬನನ್ನಾಗಿಸಿದ್ದೀರಿ. ಇಷ್ಟು ಸಲ ಹೊಸಬನಾಗುವ ಭಾಗ್ಯ ಯಾವ ಮದುಮಗನಿಗುಂಟು?

ಕಳೆದ ಗುರುವಾರ ಕಾರ್ಮಿಕ ಅಧಿಕಾರಿ ಅಪಿಯೊ ಮೇಡಂ ತಪಾಸಣೆಗೆ ಬಂದರು. ತಮ್ಮ ಕಡತದಲ್ಲಿ ಶಿಕ್ಷಕರು ಎಂಟೇ ಮಂದಿ ಇರುವುದರಿಂದ, ಮಿಕ್ಕ ಹದಿಮೂರು ಜನರಲ್ಲಿ ಹನ್ನೆರಡು ಮಂದಿ ವಾಡಿಕೆಯಂತೆ ಹಿತ್ತಲಿನ ಬಾಳೆತೋಟಕ್ಕೆ ಹೋದರು. ಹದಿಮೂರನೆಯವನಾದ ನಾನು ಹಲಗೆ ಒರೆಸುತ್ತಾ ಹಿಂದುಳಿದೆ. ಆಗ ತಾವು ನನ್ನನ್ನು ಉಗ್ರಾಣಕ್ಕೆಳೆದು, ವಿದ್ಯಾರ್ಥಿಗಳ ಚಡ್ಡಿಯನ್ನೂ ನೇರಳೆ ಸ್ವೆಟರನ್ನೂ ಕೊಟ್ಟು, "ತಲೆ ಹೇಗೂ ಬೋಳು, ಮಕ್ಕಳೆಲ್ಲ ತಲೆ ಬೋಳಿಸ್ಕೊಂಡಿರ್ಬೇಕು ಅನ್ನೋ ಶಾಲೆ ನಿಯಮಕ್ಕೆ ಸರಿಯಾಗಿದೆ ಕಣಯ್ಯಾ. ಏಳನೇ ಕ್ಲಾಸಿನ ಕೊನೇ ಬೆಂಚಲ್ಲಿ ಕೂತ್ಕೋ, ಉಸಿರೆತ್ತಬೇಡ" ಎಂದು ಉಪದೇಶಿಸಿದಿರಿ. ನಲವತ್ತೊಂದನೆಯ ವಯಸ್ಸಿನಲ್ಲಿ ಮೊಣಕಾಲಿಗೆ ಗಾಳಿ ಸೋಕಿಸಿದ ಉಪಕಾರವನ್ನು ಮರೆಯಲಾರೆ.

ಕಡತದ ಪ್ರಕಾರ ಗಣಿತ ಶಿಕ್ಷಕರಾದ, ಅಂದಿನವರೆಗೂ ಸಮವಸ್ತ್ರ ಮಾತ್ರ ಮಾರುತ್ತಿದ್ದ ತಮ್ಮ ಭಾವಮೈದುನರು, ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಹಲಗೆಯ ಮೇಲೆ ಬರೆದರು. ಕೂಡಿಸಿದ ಮೇಲೆ ಅರ್ಧಕ್ಕಿಂತಲೂ ಕಡಿಮೆಯಾಗುವ ಈ ಲೆಕ್ಕ ನಮ್ಮ ಸಂಬಳದ ವಿಷಯದಲ್ಲಿ ಸರಿಯೇ ಇರಬಹುದು, ಆದರೆ ಮುಂದಿನ ಬೆಂಚಿನ ಹುಡುಗಿ ಕಿಸಾಕ್ಯೆ ಹಲಗೆಗೆ ಬೆನ್ನು ಹಾಕಿ ನನ್ನತ್ತ ತಿರುಗಿ, "ಟೀಚರ್, ಐದು ಬೈ ಆರಲ್ವಾ?" ಎಂದಳು. ಹೌದಮ್ಮಾ ಎಂದುಬಿಟ್ಟೆ. ಕಲಿಸುವ ಚಟ, ಕ್ಷಮಿಸಬೇಕು.

ಮೇಡಂ ಹುಬ್ಬೇರಿಸಿದಾಗ ತಾವು ತೋರಿದ ಸಮಯಪ್ರಜ್ಞೆಯನ್ನು ಕೊಂಡಾಡಲು ನನ್ನ ಭಾಷೆ ಸಾಲದು. "ಟೀಚರ್ ಅನ್ನೋದು ಅಡ್ಡಹೆಸರು ಮೇಡಂ. ಪಾಪ, ದಡ್ಡ, ವರ್ಷಾ ವರ್ಷಾ ಫೇಲಾಗ್ತಾನೆ" ಎಂದಿರಿ. "ಎಷ್ಟು ವರ್ಷದಿಂದ ಇಲ್ಲಿದಾನೆ?" ಎಂದು ಅವರು ಕೇಳಲು, "ಹನ್ನೊಂದು ವರ್ಷ! ಒಂದು ದಿನ ತಪ್ಪಿಸಿಲ್ಲ, ಬೇಕಾದ್ರೆ ಮಕ್ಕಳನ್ನೇ ಕೇಳಿ!" ಎಂದು ಎದೆ ತಟ್ಟಿಕೊಂಡಿರಿ. "ಹಾಗಾದ್ರೆ ಅಷ್ಟನ್ನೇ ಬರೆದು ಸಹಿ ಹಾಕಿ ಸ್ವಾಮಿ" ಎಂದು ಅವರು ಕಾಗದ ಚಾಚಿದರು. ತಾವು ಬರೆದಿರಿ, ಮೊಹರನ್ನೂ ಒತ್ತಿದಿರಿ. ಆಮೇಲಷ್ಟೇ ಅವರು ನನ್ನ ಹುಟ್ಟಿದ ವರ್ಷವನ್ನೂ ಕಸುಬನ್ನೂ ಕೇಳಿದ್ದು. ನಾನು ಒಳ್ಳೆಯ ವಿದ್ಯಾರ್ಥಿಯಂತೆ ಎದ್ದು ನಿಂತು, ಕೈಕಟ್ಟಿ ನಿಜ ಹೇಳಿದೆ. ತಾವು ಕುಡಿಯಲು ನೀರು ಕೇಳಿದಿರಿ.

ಹದಿನಾಲ್ಕು ಅರ್ಜಿಗಳಿಂದ ಹೊರಡದ, ನಾನಿಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆಂಬ ಮಾತನ್ನು ಒಂದೇ ಉಸಿರಿಗೆ, ಅದೂ ಸ್ವಹಸ್ತದಿಂದ, ದಯಪಾಲಿಸಿದ ತಮಗೆ ನನ್ನ ಹೆಂಡತಿಯೂ ವಂದನೆ ತಿಳಿಸಿದ್ದಾಳೆ. ಬರುವ ಮಂಗಳವಾರ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. "ಶಾಲೆ ಹೊತ್ತಲ್ಲೇ ಬಾರಯ್ಯಾ, ಮನೇಲೇ ಮಾತಾಡಿ ಮುಗಿಸ್ಕೊಳ್ಳೋಣ" ಎಂದು ನಿನ್ನೆ ಹೇಳಿಕಳುಹಿಸಿದ್ದೀರಿ. ಬರಲು ಮನಸ್ಸಿದೆ, ಆದರೆ ಶಾಲೆ ತಪ್ಪಿಸದವನೆಂದು ತಾವೇ ಬರೆದುಕೊಟ್ಟ ಮೇಲೆ ಆ ಹೆಸರು ಕೆಡಿಸಿಕೊಳ್ಳುವುದು ಹೇಗೆ? ಮಂಗಳವಾರ ದಯವಿಟ್ಟು "ಸಹಿ ನನ್ನದಲ್ಲ" ಎನ್ನಬೇಡಿ. ಹನ್ನೊಂದು ವರ್ಷಗಳಲ್ಲಿ ತಾವು ನನ್ನ ಬಗ್ಗೆ ಬರೆದ ಏಕೈಕ ಸತ್ಯ ಅದು.

ತಮ್ಮ ವಿಶ್ವಾಸಿ, ಎಂದೂ ಹೊಸಬ,
ಸೆಂಪಿಜ್ಜಾ

ತಾಜಾಕಲಂ: ಬಾಳೆತೋಟದ ಹನ್ನೆರಡು ಮಂದಿಯೂ ತಮ್ಮಲ್ಲಿ ದಡ್ಡ ವಿದ್ಯಾರ್ಥಿಗಳಾಗಿ ದಾಖಲಾಗಲು ಇಚ್ಛಿಸಿ, ಚಡ್ಡಿಯ ಅಳತೆಗಳನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಎಷ್ಟೆಷ್ಟು ವರ್ಷದಿಂದ ಫೇಲಾಗುತ್ತಿದ್ದಾರೆಂಬುದನ್ನೂ ತಮ್ಮ ಅನುಕೂಲಕ್ಕಾಗಿ ಹೆಸರಿನೆದುರು ನಮೂದಿಸಿದ್ದೇನೆ. ತಾವು ಸಹಿ ಹಾಕಿದರೆ ಸಾಕು.