ಪರದೆಯ ಈಚೆಗೆ ನಿಂತ ತರ್ಜುಮೆಗಾರ

ಕನ್ನಡದ ಮಂದಿಗೆ ದುಃಖಪಡಲಿಕ್ಕೂ ಬರುವುದಿಲ್ಲ ಎಂಬುದು ನೀಲಕಂಠನ ಬಹುದಿನದ ತಕರಾರು.

ನಿಜಾಮ ಸರಕಾರದ ಕಲಬುರಗಿ ಅದಾಲತ್ತಿನಲ್ಲಿ ಅವನು ಹಂಗಾಮಿ ತರ್ಜುಮೆಗಾರ. ಕಟಕಟೆಯಲ್ಲಿ ನಿಂತವರು ಕನ್ನಡದಲ್ಲಿ ಅತ್ತರೆ ಅದನ್ನು ಉರ್ದುವಿನಲ್ಲಿ ಅಳುವುದು ಅವನ ಕೆಲಸ. (ಗೋಳು ಒಂದು ಭಾಷೆಯಲ್ಲಿ, ತೀರ್ಪು ಇನ್ನೊಂದರಲ್ಲಿ! ಈ ಏರ್ಪಾಡು ಕಂಡುಹಿಡಿದ ಮಹಾನುಭಾವ ಎಲ್ಲೇ ಇರಲಿ, ಅವನಿಗೆ ಹಲ್ಲುನೋವು ಬಂದಾಗ ವೈದ್ಯ ಅವನ ಕಾಲನ್ನೇ ಮುಟ್ಟಿ ನೋಡಲಿ.) ನಮ್ಮವರೋ, ಹೊಟ್ಟೆ, ಕರುಳು, ಗಂಟಲು ಬಿಟ್ಟು ಮೇಲೆ ಏರುವವರಲ್ಲ. ಮುನ್ಸೀಫ್ ಸಾಹೇಬರ ಮುಂದೆ ಕರುಳು ಬಿಚ್ಚಿ ಇಡುವುದು ಹೇಗೆ? ಅದಕ್ಕೇ ನೀಲಕಂಠ ಎಲ್ಲದಕ್ಕೂ ಗುಲಾಬಿನೀರು ಚಿಮುಕಿಸುತ್ತಿದ್ದ.

ಅಂದು ಕೂಲಿ ಮಾಡುವ ಗುಂಡಮ್ಮ ಬಂದಿದ್ದಳು. ಅವಳ ತುಂಡು ಹೊಲವನ್ನು ಯಾರೋ ಬಲವಿದ್ದವರು ಉತ್ತುಕೊಂಡಿದ್ದರು. "ಆ ಹೊಲದ ಕಡಿ ನೋಡಿದ್ರ ತುತ್ತು ಗಂಟಲದಾಗ ಇಳಿವಲ್ದ್ರೀ ಯಪ್ಪಾ" ಎಂದಳು. ನೀಲಕಂಠ ಎದೆಯುಬ್ಬಿಸಿ, "ಈ ಬಡವಿಯ ಹೃದಯವೆಂಬ ತೋಟಕ್ಕೆ ಶಿಶಿರ ಬಂದಿದೆ, ಬುಲ್‌ಬುಲ್ ಹಾಡು ಮರೆತಿದೆ" ಎಂದು ಉರ್ದುವಿನಲ್ಲಿ ಹರಿಯಬಿಟ್ಟ. ಮುನ್ಸೀಫ್ ಇಮಾಮುದ್ದೀನ್ ಸಾಹೇಬರು ಮುಗುಳ್ನಕ್ಕರು, "ಬಹುತ್ ಖೂಬ್" ಎಂದರು, ಮುಂದಿನ ತಾರೀಖು ಕೊಟ್ಟರು.

ಹೊರಗೆ ಗುಂಡಮ್ಮ ಕೇಳಿದಳು: "ಸಾಹೇಬ್ರು ಯಾಕ್ ನಕ್ಕರ್ರೀ?"

ತಾರೀಖು ಮರೆಯಬೇಡ ಎಂದಷ್ಟೇ ಹೇಳಿ ನೀಲಕಂಠ ಸರಸರ ಒಳಗೆ ನಡೆದ. ಸಂಜೆ ಮನೆಯಲ್ಲಿ ಹೆಂಡತಿ ಭಾಗಮ್ಮನಿಗೆ ಈ ಪ್ರಶ್ನೆಯ ಭಾಗ ಬಿಟ್ಟು, ಬುಲ್‌ಬುಲ್ಲಿನ ಭಾಗ ಮಾತ್ರ ಹೇಳಿಕೊಂಡ.

ಭಾಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆಕಿ ತುತ್ತು ಇಳಿವಲ್ದು ಅಂದ್ಳು. ನೀವ್ ತ್ವಾಟ ಎಲ್ಲಿಂದ ತಂದ್ರಿ?"

"ನಿನಗ ತಿಳಿಯೂದಿಲ್ಲ ಬಿಡು. ಅದು ಅಲಂಕಾರ."

"ಆಕಿ ಹೊಲ ಹೋಗ್ಯದ. ಅಲಂಕಾರ ತೊಗೊಂಡು ಏನ್ ಬಿತ್ತಬೇಕ್ರೀ?"

ಅಷ್ಟರಲ್ಲಿ ಸುದ್ದಿ ಬಂತು. ಮುನ್ಸೀಫರ ಬೇಗಂ ಶಾಹಜಾದಿಯ ತಾಯಿ ಹೈದರಾಬಾದಿನಲ್ಲಿ ತೀರಿಕೊಂಡಿದ್ದರು. ಮಗಳಿಗೆ ಕೊನೆಯ ಸಲ ಮುಖ ನೋಡಲೂ ಸಿಕ್ಕಿರಲಿಲ್ಲ. ಅಂದಿನಿಂದ ಆಕೆ ಅತ್ತೂ ಇಲ್ಲ, ಉಂಡೂ ಇಲ್ಲವಂತೆ. ಸಾವಿನ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಮಾತಾಡಿಸಿ ಬರಬೇಕು ಎಂದು ಭಾಗಮ್ಮ ಹೊರಟಳು. ನೌಕರಿ ಕಾಯಂ ಆಗುವ ಶುಭಗಳಿಗೆ ಇದೇ ಎಂದು ನೀಲಕಂಠನೂ ರುಮಾಲು ಸುತ್ತಿದ. ಭಾಗಮ್ಮನಿಗೆ ಬರುತ್ತಿದ್ದದ್ದು ಬಳೆಗಾರನ ಹತ್ತಿರ ಚೌಕಾಸಿ ಮಾಡುವಷ್ಟು ಉರ್ದು. ಬೇಗಂಗೆ ಕನ್ನಡ ಸೊನ್ನೆ. ಅಂದ ಮೇಲೆ ತರ್ಜುಮೆಗಾರ ಬೇಡವೆ?

ಹೆಂಗಸರಿಬ್ಬರು ಪರದೆಯ ಆಚೆ. ಈಚೆ ನೀಲಕಂಠ, ಪರದೆಗೆ ಕೈಮುಗಿದು ನಿಂತ. ಹೊರಗಿನ ಪಡಸಾಲೆಯಲ್ಲಿ ಸಾಹೇಬರು.

ಭಾಗಮ್ಮನ ದನಿ ಕೇಳಿತು: "ಅವ್ವ ಹೋದ್ಳೇನ್ ತಾಯೀ! ಇನ್ನ ನಿನಗ ಉಂಡಿಯೇನು ಅಂತ ಯಾರ್ ಕೇಳ್ತಾರವ್ವಾ?"

ಹೋದವರ ಮನೆಯಲ್ಲಿ ಊಟದ ಮಾತೇ! ನೀಲಕಂಠ ನಾಚಿದ. ಗಂಟಲು ಸರಿಮಾಡಿಕೊಂಡು, ಲೋಕವೆಂಬ ಮುಸಾಫಿರಖಾನೆ, ಸ್ವರ್ಗದ ಕಾರಂಜಿ, ಮಾತೃಛಾಯೆಯ ಗುಮ್ಮಟ ಎಲ್ಲವನ್ನೂ ಪಡಸಾಲೆಗೂ ಕೇಳುವಂತೆ ಉರ್ದುವಿನಲ್ಲಿ ಕಟ್ಟಿ ನಿಲ್ಲಿಸಿದ. ಕೊನೆಗೆ ಗುಮ್ಮಟದ ಮೂಲೆಯಲ್ಲಿ, ಈ ದಾಸ ಇನ್ನೂ ಹಂಗಾಮಿಯಾಗಿಯೇ ಇದ್ದಾನೆಂಬ ವಿಷಯವನ್ನೂ ಸಣ್ಣಗೆ ಕೆತ್ತಿದ.

ಪರದೆಯಾಚೆಯಿಂದ ಒಣಗಿದ ದನಿ ಬಂತು: "ಶುಕ್ರಿಯಾ."

"ಆಕಿ ಅಳವಲ್ಲಳಲ್ರೀ! ಏನಂದ್ರಿ ನೀವು?"

"ನೀ ಅಂದದ್ದೇ. ಸ್ವಲ್ಪ ಶೃಂಗಾರ ಮಾಡೀನಿ."

"ಸತ್ತೋರ ಮನ್ಯಾಗ ಶೃಂಗಾರ? ಬಾಯ್ ಮುಚಗೊಂಡು ನಿಲ್ರೀ!"

ಅವನು ಬಾಯಿ ಮುಚ್ಚಿದ. ಒಳಗೆ ಬುತ್ತಿಯ ಗಂಟು ಬಿಚ್ಚಿದ ಸಪ್ಪಳ. ಕಮಲಾಪುರದ ತವರಿನಿಂದ ಬಂದ ಕೆಂಪು ಬಾಳೆಹಣ್ಣಿನ ವಾಸನೆ ಪರದೆ ದಾಟಿ ಬಂತು. ಬಳೆ ಸದ್ದಾಯಿತು. ರೊಟ್ಟಿಗೆ ಹಣ್ಣು ಕಲಸುತ್ತಿರಬೇಕು. ಆಮೇಲೆ ಭಾಗಮ್ಮನ ಸಂತೆಯ ಉರ್ದು, ಮೆಲ್ಲಗೆ:

"ಖಾ ಲೇ, ಮಾ. ಥೋಡಾ ಖಾ ಲೇ."

ಉಣ್ಣವ್ವ, ತುಸು ಉಣ್ಣು. ಅಷ್ಟೇ. ನಂತರ "ಅಮ್ಮೀ" ಎಂಬ ಕೂಗು ಎದ್ದಿತು ನೋಡಿ, ಸಾಹೇಬರು ಪಡಸಾಲೆಯಿಂದ ಓಡಿಬಂದರು. ಒಳಗೆ ಇಬ್ಬರೂ ಅಳುತ್ತಿದ್ದರು.

"ಆಕೆ ಏನೆಂದಳು?" ಎಂದು ಸಾಹೇಬರು ಕೇಳಿದರು. ಅವರ ಕಣ್ಣೂ ಒದ್ದೆ.

ಜನ್ಮದಲ್ಲಿ ಮೊದಲ ಸಲ ತರ್ಜುಮೆಗಾರ ತಡವರಿಸಿದ. "ಅದು... ಉರ್ದುವೇ ಇತ್ತು, ಹುಜೂರ್."

ಗುಂಡಮ್ಮನ ತಾರೀಖು ಬಂದಾಗ ಅವಳು ಅದೇ ಮಾತು ಹೇಳಿದಳು. ನೀಲಕಂಠನ ನಾಲಿಗೆಯ ತುದಿಗೆ ಬುಲ್‌ಬುಲ್ ಬಂದು ಕೂತಿತು. "ಸಾಹೇಬ್ರು ಯಾಕ್ ನಕ್ಕರ್ರೀ" ಎಂದು ಕೇಳಿದ್ದ ಮುಖ ಎದುರಿಗೇ ಇತ್ತು. ಹಕ್ಕಿಯನ್ನು ನುಂಗಿಕೊಂಡು ಅಂದ: "ಹೊಲ ನೋಡಿದರೆ ಈಕೆಗೆ ತುತ್ತು ಇಳಿಯುವುದಿಲ್ಲವಂತೆ, ಹುಜೂರ್."

ಸಾಹೇಬರು ನಗಲಿಲ್ಲ. ಮುಂದಕ್ಕೆ ಬಾಗಿ, "ಯಾವ ಹೊಲ? ಉತ್ತವರು ಯಾರು? ಕರೆಸಿ" ಎಂದರು. ಎದ್ದು ಹೋಗುವಾಗ ತರ್ಜುಮೆಗಾರನ ಹತ್ತಿರ ನಿಂತರು. "ನಿನ್ನ ನೌಕರಿ ಕಾಯಂ. ಆದರೆ ನೆನಪಿರಲಿ, ಇನ್ನೊಂದು ಗುಮ್ಮಟ ಎದ್ದರೆ ಅದರ ಕೆಳಗೆ ನಿನ್ನನ್ನೇ ಹೂಳುತ್ತೇನೆ."

ಇದನ್ನು ಭಾಗಮ್ಮನಿಗೆ ಹೇಳಲು (ಗುಮ್ಮಟದ ಭಾಗ ಬಿಟ್ಟು) ನೀಲಕಂಠ ಮನೆಗೆ ಹಾರಿಬಂದ. ಬಾಗಿಲಿಗೆ ಕೀಲಿ. ಕಟ್ಟೆಯ ಮೇಲೆ ಸಾಹೇಬರ ಮನೆಯ ಜವಾನ ನಬಿಸಾಬ್ ಕೀಲಿಕೈ ಹಿಡಿದು ಕೂತಿದ್ದ.

"ಭಾಗಮ್ಮಾರು ಬೇಗಂಸಾಹೇಬ್ರನ್ನ ಕಮಲಾಪುರಕ್ಕ ಕರಕೊಂಡು ಹೋದ್ರು ರೀ. ಅವ್ವ ಇಲ್ಲದಾಕಿಗೆ ನಮ್ಮವ್ವನ ಮನೀನ ತವರು ಅಂದ್ರು. ಸಾಹೇಬ್ರು ತಮ್ಮ ಬಂಡಿ ಕೊಟ್ಟಾರ."

"ಮತ್ತ ನಾನು? ನನಗೇನ್ ಹೇಳ್ಯಾಳ?"

ನಬಿಸಾಬ್ ಎದ್ದು ಸಲಾಂ ಮಾಡಿದ. "ಹುಜೂರರ ಶರೀರ ಸುಖವಾಗಿರ್ಲಿ, ಭೋಜನಕ್ಕ ತೊಂದ್ರಿ ಮಾಡ್ಕೋಬಾರ್ದು, ಮನಸ್ಸಿಗೆ ಹಚ್ಚಿಕೋಬಾರ್ದು ಅಂತ..."

ನೀಲಕಂಠನಿಗೆ ಈ ಗುಲಾಬಿನೀರಿನ ಗುರುತು ಸಿಕ್ಕಿತು. "ಆಕಿ ಹಂಗ ಅನ್ನಾಕಿ ಅಲ್ಲ. ಆಕಿ ಅಂದಂಗ ಹೇಳೋ ಮಾರಾಯಾ!"

"ಬ್ಯಾಡ್ರೀ..."

"ಹೇಳೋ!"

ನಬಿಸಾಬ್ ನೆಲ ನೋಡುತ್ತ ಅಂದ: "ಒಲಿಗೆ ಕುಳ್ಳು ಅಟ್ಟದ ಮ್ಯಾಲ ಅವ, ಹಿಟ್ಟು ಗಡಿಗ್ಯಾಗದ. ರೊಟ್ಟಿ ಬಡ್ಯಾಕ ಬರಲಿಲ್ಲಂದ್ರ, ಅವ್ರು ಕೋರ್ಟಿನ್ಯಾಗ ಒಂದು ತ್ವಾಟ ಹಚ್ಯಾರಲ್ಲ, ಅದರಾಗಿಂದ ಏನರ ಕಿತ್ತು ತಿನ್ಲಿ ಅಂದ್ರು ರೀ."